ಲ್ಯಾಬಿನಲ್ಲಿ ಬೆಳೆಸಿದ ಬೀಟಾ ಕೋಶ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಬಿಡುವ ಬೀಟಾ ಕೋಶ ಮಾಡಲು ಒಂದು ತಿಂಗಳಿಗೂ ಜಾಸ್ತಿ ಬೇಕು. ಹಬ್ಬ, ಭಾನುವಾರ ಎನ್ನದೆ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಬದಲಿಸಬೇಕು. ಅಷ್ಟೆಲ್ಲ ಆದಮೇಲೆ ಪರೀಕ್ಷೆಯ ದಿನ ಗ್ಲೂಕೋಸ್ ಹಾಕಿದರೆ ಕೋಶಗಳು ಸುಮ್ಮನೆ ಕೂತಿರುತ್ತವೆ. ಇಲ್ಲವೇ ಗ್ಲೂಕೋಸ್ ಹಾಕುವ ಮುಂಚೆಯೇ ಇನ್ಸುಲಿನ್ ಸುರಿಸುತ್ತಿರುತ್ತವೆ. ಆಗ ಎಲ್ಲರಿಗೂ ಮೊದಲು ಹೊಳೆಯುವುದು "ಯಾವುದೋ ಜೀನ್ ಸರಿ ಇಲ್ಲ, ಬದಲಿಸೋಣ" ಅಂತ. ದಯವಿಟ್ಟು ಬೇಡ. ಜೀನ್ ಬದಲಿಸುವುದು ಈ ಪಟ್ಟಿಯ ಕಟ್ಟಕಡೆಯ ಕೆಲಸ.

ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್. ಬಾಯ್ಲರ್, ವಾಲ್ವ್, ಅಳತೆ ನೋಡಿ ತಾನೇ ತಿದ್ದುವ ಪಿಐಡಿ ಕಂಟ್ರೋಲರ್‌ಗಳ ನಡುವೆ ಇದ್ದು, ಆಮೇಲೆ ಕೋಶಗಳ ಲ್ಯಾಬಿಗೆ ಬಂದವನು. ಬಾಯ್ಲರ್ ಕೆಟ್ಟಾಗ ನಾವು ಮಾಡುತ್ತಿದ್ದ ಕೆಲಸ ಇಷ್ಟೆ: ಲೂಪ್ (ಅಳೆದು, ಹೋಲಿಸಿ, ತಿದ್ದುವ ಸರಪಳಿ) ಬಿಚ್ಚು, ಒಂದೊಂದೇ ಭಾಗಕ್ಕೆ ನೇರವಾಗಿ ಸಿಗ್ನಲ್ ಕೊಡು, ಎಲ್ಲಿ ಉತ್ತರ ನಿಲ್ಲುತ್ತದೋ ಅಲ್ಲಿ ದೋಷ. ಬೀಟಾ ಕೋಶಕ್ಕೂ ಇದೇ ವಿಧಾನ ಸಾಕು. ಈ ಬರಹ ಲ್ಯಾಬಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ.

ಶುರು ಮಾಡುವ ಮುಂಚೆ ಎಚ್ಚರಿಕೆ

ಇಲ್ಲಿ ಹೇಳುವುದೆಲ್ಲ ತಟ್ಟೆಯಲ್ಲಿರುವ ಕೋಶ ಮತ್ತು ಇಲಿಯ ವಿಷಯ. ಮನೆಯಲ್ಲಿ ಡಯಾಬಿಟಿಸ್ ಇರುವವರು ಇದನ್ನು ಓದಿ ಇನ್ಸುಲಿನ್ ಡೋಸ್ ಬದಲಿಸಬಾರದು, ಬಿಡಲೂಬಾರದು. ಟೈಪ್ 1 ಇರುವವರು ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದೊಳಗೇ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಸ್ಥಿತಿ) ಆಗಬಹುದು. ಅದು ಜೀವಕ್ಕೇ ಅಪಾಯ.

ಮನುಷ್ಯರ ಕೋಶ, ಜೀನ್ ಸಾಗಿಸುವ ಲೆಂಟಿವೈರಸ್ ಬಳಸುವುದಾದರೆ ಜೈವಿಕ ಸುರಕ್ಷತೆ ಹಂತ 2ರ ಕೋಣೆ ಬೇಕು. ಇಲಿಗೆ ಡಯಾಬಿಟಿಸ್ ತರಿಸುವ ಸ್ಟ್ರೆಪ್ಟೋಜೋಟೋಸಿನ್ ಪುಡಿ ಕ್ಯಾನ್ಸರ್ ತರಬಲ್ಲದು. ಅದನ್ನು ಫ್ಯೂಮ್ ಹುಡ್ ಒಳಗೇ ತೂಗಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಲೂಪ್‌ನಲ್ಲಿ ಏನೇನಿದೆ

ಬಚ್ಚಲ ಹಂಡೆ ನೆನಪಿಸಿಕೊಳ್ಳಿ. ಒಲೆಗೆ ಸೌದೆ ಹಾಕುತ್ತೀರಿ. ನೀರು ತಕ್ಷಣ ಕಾಯುವುದಿಲ್ಲ. ಕಾಯಲಿಲ್ಲ ಅಂತ ಇನ್ನೆರಡು ಸೌದೆ ತುರುಕಿದರೆ ಅರ್ಧ ಗಂಟೆಯ ಮೇಲೆ ನೀರು ಕುದಿಯುತ್ತದೆ. ಆಗ ಸೌದೆ ಹೊರಗೆಳೆದರೂ ಕೆಂಡ ಆರುವುದಿಲ್ಲ. ಇನ್ಸುಲಿನ್ನೂ ಹಾಗೇ. ಹಾಕಬಹುದು, ವಾಪಸ್ ತೆಗೆಯುವ ಹಾಗಿಲ್ಲ. ತಣ್ಣೀರು ಬೆರೆಸುವ ಕೆಲಸ ಸಕ್ಕರೆ ಏರಿಸುವ ಗ್ಲೂಕಗಾನ್ ಹಾರ್ಮೋನಿನದು, ಇಲ್ಲವೇ ಬಾಯಿಗೆ ಹಾಕಿದ ಸಕ್ಕರೆಯದು.

ಬೀಟಾ ಕೋಶದೊಳಗಿನ ಸರಪಳಿ ಹೀಗಿದೆ. ಗ್ಲೂಕೋಸ್ ಒಳಗೆ ಬರುತ್ತದೆ. ಗ್ಲೂಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದುಕೊಳ್ಳುತ್ತದೆ, ಸೆನ್ಸರ್ ಎಂದರೆ ಇದೇ. ಗ್ಲೂಕೋಸ್ ಉರಿದು ಎಟಿಪಿ (ಕೋಶದ ಶಕ್ತಿಯ ಅಣು) ಹೆಚ್ಚುತ್ತದೆ. ಎಟಿಪಿ ಹೆಚ್ಚಿದರೆ ಪೊಟ್ಯಾಸಿಯಂ ಹೊರಬಿಡುವ ಕೆಎಟಿಪಿ ಚಾನೆಲ್ ಮುಚ್ಚುತ್ತದೆ, ಕೋಶದ ವೋಲ್ಟೇಜ್ ಏರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇನ್ಸುಲಿನ್ ತುಂಬಿ ಕಾದಿದ್ದ ಪುಟ್ಟ ಚೀಲಗಳು ಆಗ ಹೊರಗೆ ಒಡೆಯುತ್ತವೆ. ಸೆನ್ಸರ್, ತಂತಿ, ವಾಲ್ವ್, ಟ್ಯಾಂಕ್ ಎಲ್ಲವೂ ಒಂದೇ ಕೋಶದಲ್ಲಿ. ನಮ್ಮ ಅದೃಷ್ಟಕ್ಕೆ, ಪ್ರತಿ ಕೊಂಡಿಯನ್ನೂ ಹೊರಗಿನಿಂದ ಕುಟುಕಲು ಒಂದೊಂದು ಅಗ್ಗದ ರಾಸಾಯನಿಕ ಸಿಗುತ್ತದೆ.

ಅಂಕಿಗಳ ಬಗ್ಗೆ ಒಂದು ಮಾತು. ಲ್ಯಾಬಿನವರು (ಲೀಟರಿಗೆ) ಮಿಲಿಮೋಲ್ ಅನ್ನುತ್ತಾರೆ, ನಮ್ಮ ಡಾಕ್ಟರು (ಡೆಸಿಲೀಟರಿಗೆ) ಮಿಲಿಗ್ರಾಂ ಅನ್ನುತ್ತಾರೆ. 18ರಿಂದ ಗುಣಿಸಿ. ಪರೀಕ್ಷೆಯ "ಕಡಿಮೆ" ಗ್ಲೂಕೋಸ್ 2.8 ಮಿಲಿಮೋಲ್ ಅಂದರೆ ಸುಮಾರು 50, "ಹೆಚ್ಚು" 16.7 ಅಂದರೆ ಸುಮಾರು 300.

ಲಕ್ಷಣ 1: ಗ್ಲೂಕೋಸ್ ಕಡಿಮೆ ಇದ್ದಾಗಲೂ ಇನ್ಸುಲಿನ್ ಬರುತ್ತಲೇ ಇದೆ

ಇದು ಸೋರುವ ನಲ್ಲಿ. ಆದರೆ ನಲ್ಲಿ ನಿಜವಾಗಿ ಸೋರುತ್ತಿದೆಯಾ, ನೆಲ ಮೊದಲೇ ಒದ್ದೆ ಇತ್ತಾ ಅಂತ ನೋಡಬೇಕು.

ಮೊದಲು ಮೀಡಿಯಾದ ಡಬ್ಬಿಯ ಮೇಲಿನ ಪಟ್ಟಿ ಓದಿ. ಬಿ27, ಐಟಿಎಸ್ ಎಂಬ ಪೂರಕಗಳಲ್ಲಿ ಇನ್ಸುಲಿನ್ ಇರುತ್ತದೆ, ಅದೂ ಧಾರಾಳವಾಗಿ. ಕೋಶಗಳನ್ನು ಸರಿಯಾಗಿ ತೊಳೆಯದಿದ್ದರೆ ನೀವು ಅಳೆಯುವುದು ಕಂಪನಿಯ ಇನ್ಸುಲಿನ್, ಕೋಶದ್ದಲ್ಲ. ನಾನು ಇದೇ ಹಳ್ಳಕ್ಕೆ ಬಿದ್ದು ಮೂರು ವಾರ ಕಳೆದಿದ್ದೇನೆ. ಸೋರಿಕೆ ತಡೆಯಲು ಒಂದು ಚೆಂದದ ಜೀನ್ ಸರ್ಕ್ಯೂಟ್ ಬರೆದು, ಗುಂಪಿನ ಮೀಟಿಂಗಿನಲ್ಲಿ ತೋರಿಸಿಯೂ ಆಗಿತ್ತು. ಕೊನೆಗೆ ಜೂನಿಯರ್ ಹುಡುಗಿಯೊಬ್ಬಳು ಕೋಶವೇ ಇಲ್ಲದ ಖಾಲಿ ತಟ್ಟೆಯಲ್ಲಿ ಅದೇ ಮೀಡಿಯಾ ಹಾಕಿ, ಅದೇ ರೀತಿ ತೊಳೆದು ಅಳೆದಳು. ಅದರಲ್ಲೂ ಇನ್ಸುಲಿನ್ ಬಂತು! ಆವತ್ತಿನಿಂದ ಖಾಲಿ ತಟ್ಟೆ ಇಲ್ಲದೆ ನಾನು ಪ್ರಯೋಗ ಮಾಡಿಲ್ಲ.

ಪರಿಹಾರ ಸುಲಭ. ಇನ್ಸುಲಿನ್ ಬದಲು ಸಿ-ಪೆಪ್ಟೈಡ್ ಅಳೆಯಿರಿ. ಕೋಶ ಪ್ರೋಇನ್ಸುಲಿನ್ ಕತ್ತರಿಸಿ ಇನ್ಸುಲಿನ್ ಮಾಡುವಾಗ ಅಷ್ಟೇ ಸಂಖ್ಯೆಯ ಸಿ-ಪೆಪ್ಟೈಡ್ ಹೊರಬರುತ್ತದೆ. ಡಬ್ಬಿಯ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ.

ಇನ್ನೊಂದು ಪುಕ್ಕಟೆ ಪರೀಕ್ಷೆ ಐಸ್. ಕೋಶಗಳನ್ನು 4 ಡಿಗ್ರಿಗೆ ಇಳಿಸಿದರೆ ಚೀಲ ಒಡೆಯುವ ಕೆಲಸ ನಿಲ್ಲುತ್ತದೆ. ಆಗಲೂ ಇನ್ಸುಲಿನ್ ಬರುತ್ತಿದ್ದರೆ ಸತ್ತ ಕೋಶಗಳಿಂದ ಸೋರುತ್ತಿದೆ, ಇಲ್ಲವೇ ತೊಳೆದದ್ದು ಸಾಲದು. ಪಿಪೆಟ್‌ನಿಂದ ಜೋರಾಗಿ ಎಳೆದು ಬಿಟ್ಟು ಕೋಶ ಒಡೆಯುವವರು ಬಹಳ. ಕೈ ಹಗುರವಾಗಿರಲಿ.

ಅದೂ ಸರಿ ಇದ್ದರೆ ಹಸಿವಿನ ಸಮಯ ನೋಡಿ. ಪರೀಕ್ಷೆಗೆ ಮುಂಚೆ ಕಡಿಮೆ ಗ್ಲೂಕೋಸಿನಲ್ಲಿ ಒಂದೆರಡು ಗಂಟೆ ಇಡಬೇಕು. ಹೆಚ್ಚು ಗ್ಲೂಕೋಸಿನ ಮೀಡಿಯಾದಿಂದ ನೇರ ಎತ್ತಿ ತಂದರೆ ಕೋಶ ಇನ್ನೂ ಹಿಂದಿನ ಊಟದ ಗುಂಗಿನಲ್ಲೇ ಇರುತ್ತದೆ. ಬಫರ್ (ಪರೀಕ್ಷೆಗೆ ಬಳಸುವ ಉಪ್ಪಿನ ದ್ರಾವಣ) ಬದಲು ಮಾಮೂಲಿ ಮೀಡಿಯಾ ಬಳಸಿದ್ದೀರಾ ಅಂತಲೂ ನೋಡಿ. ಅದರಲ್ಲಿ ಪೈರುವೇಟ್, ಅಮೈನೋ ಆಮ್ಲ ಇರುತ್ತವೆ. ಎಳೆಯ ಬೀಟಾ ಕೋಶ ಗ್ಲೂಕೋಸ್ ಬಿಟ್ಟು ಇವಕ್ಕೂ ಪ್ರತಿಕ್ರಿಯಿಸುತ್ತದೆ.

ಇಷ್ಟಾದಮೇಲೂ ಸೋರುತ್ತಿದ್ದರೆ ಡಯಾಜಾಕ್ಸೈಡ್ ಹಾಕಿ. ಇದು ಕೆಎಟಿಪಿ ಚಾನೆಲನ್ನು ತೆರೆದೇ ಹಿಡಿಯುತ್ತದೆ. ಸೋರಿಕೆ ನಿಂತಿತೋ, ಚಾನೆಲ್ ಮತ್ತು ಅದರ ಮುಂದಿನದೆಲ್ಲ ಸರಿ, ಸೆಟ್‌ಪಾಯಿಂಟ್ (ಯಾವ ಮಟ್ಟದಲ್ಲಿ ಉತ್ತರ ಶುರುವಾಗಬೇಕು ಎಂಬ ಗುರಿ) ತಪ್ಪಿದೆ. ನಿಲ್ಲಲಿಲ್ಲವೋ, ಇನ್ಸುಲಿನ್ ವಾಲ್ವ್ ದಾಟದೆ ಬೇರೆ ದಾರಿಯಲ್ಲಿ ಹೋಗುತ್ತಿದೆ. ಆಗ ಪ್ರೋಇನ್ಸುಲಿನ್ ಎಷ್ಟಿದೆ ಅಳೆಯಿರಿ. ಅದು ಜಾಸ್ತಿ ಇದ್ದರೆ ಕೋಶಕ್ಕೆ ಚೀಲ ಕಟ್ಟುವುದೇ ಇನ್ನೂ ಬಂದಿಲ್ಲ.

ಸೆಟ್‌ಪಾಯಿಂಟ್ ತಪ್ಪುವುದು ಅಂದರೆ ಏನು? ಗ್ಲೂಕೋಕೈನೇಸ್ ಸುಮಾರು 8 ಮಿಲಿಮೋಲ್‌ನಲ್ಲಿ ಅರ್ಧ ವೇಗಕ್ಕೆ ಬರುತ್ತದೆ. ಹಾಗಾಗಿಯೇ ಅದು ಒಳ್ಳೆಯ ಸೆನ್ಸರ್. ಆದರೆ ಬಲಿಯದ ಕೋಶದಲ್ಲಿ ಹೆಕ್ಸೋಕೈನೇಸ್ 1 ಎಂಬ ಇನ್ನೊಂದು ಕಿಣ್ವವೂ ಉಳಿದುಕೊಂಡಿರುತ್ತದೆ. ಅದಕ್ಕೆ ಚಿಟಿಕೆ ಗ್ಲೂಕೋಸ್ ಸಾಕು, ಪೂರ್ತಿ ವೇಗದಲ್ಲಿ ಓಡುತ್ತದೆ. ಇಂಥ ದೋಷ ಮನುಷ್ಯರಲ್ಲೂ ಇದೆ. ಗ್ಲೂಕೋಕೈನೇಸ್ ಜೀನಿನ ಒಂದು ಪ್ರತಿ ಕೆಟ್ಟವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಜೀವನವಿಡೀ 100ರಿಂದ 145ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮೋಡಿ 2 ಅಂತ ಹೆಸರು. ಕಂಟ್ರೋಲರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಗುರಿ ಮಾತ್ರ ಮೇಲೆ ಸರಿದಿದೆ. ಅದೇ ಜೀನ್ ಅತಿ ಚುರುಕಾದರೆ ಗುರಿ ಕೆಳಗೆ ಸರಿದು ಸಕ್ಕರೆ ಕುಸಿಯುತ್ತದೆ.

ಹಾಗಾಗಿ ಎರಡೇ ಬಿಂದು ಅಳೆದು ಬಿಡಬೇಡಿ. 2.8, 5.5, 8, 11, 16.7 ಹೀಗೆ ಐದು ಮಟ್ಟದಲ್ಲಿ ಗೆರೆ ಎಳೆಯಿರಿ. ಗೆರೆ ಎಡಕ್ಕೆ ಸರಿದಿದ್ದರೆ ಸೆಟ್‌ಪಾಯಿಂಟ್ ದೋಷ. ಇಡೀ ಗೆರೆ ಮೇಲಕ್ಕೆ ಎತ್ತಿದ್ದರೆ ಸೋರಿಕೆ. ಎರಡು ಬಿಂದುವಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಲಕ್ಷಣ 2: ಗ್ಲೂಕೋಸ್ ಎಷ್ಟು ಕೊಟ್ಟರೂ ಕೋಶ ಅಲುಗಾಡುವುದಿಲ್ಲ

ಇದೇ ಎಲ್ಲರ ದೂರು. ನಿಧಾನವಾಗಿ ಹೋಗೋಣ.

ಬಫರ್‌ನಿಂದ ಶುರು. ಕ್ಯಾಲ್ಸಿಯಂ ಹಾಕಿದ್ದೀರಾ? ನಗಬೇಡಿ, ಕ್ಯಾಲ್ಸಿಯಂ ಕ್ಲೋರೈಡ್ ಮರೆತ ಬಫರ್‌ನಲ್ಲಿ ಜಗತ್ತಿನ ಯಾವ ಬೀಟಾ ಕೋಶವೂ ಇನ್ಸುಲಿನ್ ಬಿಡುವುದಿಲ್ಲ. ಬಫರ್ 37 ಡಿಗ್ರಿ ಇದೆಯಾ? ಬೈಕಾರ್ಬನೇಟ್ ಬಫರ್ ಮೇಜಿನ ಮೇಲೆ ತೆರೆದಿಟ್ಟರೆ ಪಿಹೆಚ್ ಏರುತ್ತದೆ, ಮತ್ತೆ ಅಳೆಯಿರಿ. ಗ್ಲೂಕೋಸ್ ನಿಜವಾಗಿ 16.7 ಇದೆಯಾ ಅಂತಲೂ ಪರೀಕ್ಷಿಸಿ. ಮನೆಯ ಗ್ಲೂಕೋಮೀಟರ್ ಸ್ಟ್ರಿಪ್ ಅದ್ದಿ ನೋಡುವವರನ್ನು ಕಂಡಿದ್ದೇನೆ. ಅದು ರಕ್ತಕ್ಕೆ ಮಾಡಿದ ಸ್ಟ್ರಿಪ್, ಬಫರ್‌ನಲ್ಲಿ ಅದರ ಅಂಕಿ ನಂಬಬೇಡಿ.

ಆಮೇಲೆ ಇನ್ಸುಲಿನ್ ಅಳೆಯುವ ಎಲೈಸಾ ಕಿಟ್. ಮಾದರಿಯಲ್ಲಿ ಇನ್ಸುಲಿನ್ ತೀರಾ ಜಾಸ್ತಿ ಇದ್ದರೆ ಅಳತೆ ಮೇಲ್ಮಟ್ಟಕ್ಕೆ ತಾಗಿ ನಿಲ್ಲುತ್ತದೆ. ಕೆಲವು ಕಿಟ್‌ಗಳಲ್ಲಿ ಕೆಳಗೇ ಇಳಿಯುತ್ತದೆ. ಕಡಿಮೆಯದೂ ಹೆಚ್ಚಿನದೂ ಒಂದೇ ಕಂಡರೆ ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿ ಮತ್ತೆ ಅಳೆಯಿರಿ. ಕಿಟ್ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಮೇಲೆ ನಿಂತಿದ್ದರೆ ಮೀಡಿಯಾದ ಬಯೋಟಿನ್ ಕೂಡ ಅಡ್ಡ ಬರುತ್ತದೆ.

ಪ್ರತಿ ಸಲ ಪಕ್ಕದಲ್ಲಿ ಒಂದು ನಂಬಿಕಸ್ಥ ಕೋಶ ಇರಲಿ. ಐಎನ್‌ಎಸ್-1, ಎಂಐಎನ್6 ಥರದ, ಲ್ಯಾಬ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇನ್ಸುಲಿನ್ ಕೋಶಗಳು ಸಾಕು. ಅದೂ ಸುಮ್ಮನಿದ್ದರೆ ತಪ್ಪು ನಿಮ್ಮ ಬಫರ್‌ನದು, ಹೊಸ ಕೋಶದ್ದಲ್ಲ.

ಇಷ್ಟು ಮುಗಿಸಿದರೆ ಲೂಪ್ ಬಿಚ್ಚುವ ಆಟ ಶುರು. ಸರಪಳಿಯ ಕೊನೆಯ ಕೊಂಡಿಯಿಂದ ಮೊದಲಿನದರ ಕಡೆಗೆ ಬರುವುದು ಒಳ್ಳೆಯದು.

ಮೊದಲು 30 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್. ಇದು ಸೆನ್ಸರ್, ಎಟಿಪಿ, ಚಾನೆಲ್ ಎಲ್ಲವನ್ನೂ ದಾಟಿ ನೇರ ವೋಲ್ಟೇಜ್ ಏರಿಸುತ್ತದೆ. ವಾಲ್ವ್‌ಗೆ ನೇರ ಕರೆಂಟ್ ಕೊಟ್ಟ ಹಾಗೆ. ಇದನ್ನು ಹಾಕುವಾಗ ಅಷ್ಟೇ ಸೋಡಿಯಂ ಕ್ಲೋರೈಡ್ ಕಡಿಮೆ ಮಾಡಿ, ಇಲ್ಲದಿದ್ದರೆ ಉಪ್ಪಿನ ಒತ್ತಡವೇ ಬದಲಾಗುತ್ತದೆ.

ಪೊಟ್ಯಾಸಿಯಂಗೂ ಉತ್ತರ ಇಲ್ಲದಿದ್ದರೆ ದೋಷ ಕೊನೆಯ ಭಾಗದಲ್ಲಿದೆ. ಟ್ಯಾಂಕ್ ಖಾಲಿ ಇದೆಯಾ ನೋಡಿ: ಆಸಿಡ್–ಎಥನಾಲ್‌ನಲ್ಲಿ ಕೋಶ ಕರಗಿಸಿ ಒಟ್ಟು ಇನ್ಸುಲಿನ್ ಅಳೆಯಿರಿ. (ಎಥನಾಲ್ ಬಾಟಲಿಯನ್ನು ಮನೆಯಲ್ಲಿರುವಂಥ ಫ್ರಿಜ್ಜಿನಲ್ಲಿ ಇಡಬೇಡಿ. ಒಳಗಿನ ಸ್ವಿಚ್ಚಿನ ಕಿಡಿಗೆ ಆವಿ ಹೊತ್ತಿಕೊಳ್ಳಬಹುದು. ಅದಕ್ಕೆಂದೇ ಮಾಡಿದ ಫ್ರೀಜರ್ ಬೇಕು.) ಟ್ಯಾಂಕ್ ಖಾಲಿ ಇದ್ದರೆ ಬೀಟಾ ಕೋಶ ಆಗಿಯೇ ಇಲ್ಲ, ಹಿಂದಿನ ಹಂತಗಳಿಗೆ ಹೋಗಿ. ತುಂಬಿದ್ದರೆ ಕ್ಯಾಲ್ಸಿಯಂ ಚಾನೆಲ್, ಇಲ್ಲವೇ ಚೀಲ ಒಡೆಯುವ ಯಂತ್ರ ಕೆಟ್ಟಿದೆ. ಹೊಳೆಯುವ ಕ್ಯಾಲ್ಸಿಯಂ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇವೆರಡರಲ್ಲಿ ಯಾವುದು ಅಂತ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಪೊಟ್ಯಾಸಿಯಂಗೆ ಉತ್ತರ ಬಂದರೆ ಟೋಲ್ಬ್ಯುಟಮೈಡ್ ಹಾಕಿ. ಇದು ಕೆಎಟಿಪಿ ಚಾನೆಲನ್ನು ಮುಚ್ಚುತ್ತದೆ. ಅದಕ್ಕೂ ಉತ್ತರ ಬಂದು ಗ್ಲೂಕೋಸಿಗೆ ಮಾತ್ರ ಬರದಿದ್ದರೆ ದೋಷ ಮೇಲಿನ ಭಾಗದಲ್ಲಿ, ಅಂದರೆ ಗ್ಲೂಕೋಸ್ ಉರಿಯುವಲ್ಲಿ.

ಈ ತರ್ಕ ಬರೀ ಲ್ಯಾಬಿನ ಆಟ ಅಂದುಕೊಳ್ಳಬೇಡಿ. ಹುಟ್ಟಿದ ಕೆಲವೇ ತಿಂಗಳಲ್ಲಿ ಡಯಾಬಿಟಿಸ್ ಬರುವ ಮಕ್ಕಳಲ್ಲಿ ಹಲವರಿಗೆ ಕೆಎಟಿಪಿ ಚಾನೆಲಿನ ಜೀನೇ ಕೆಟ್ಟಿರುತ್ತದೆ ಅಂತ 2004ರಲ್ಲಿ ಗೊತ್ತಾಯಿತು. ಚಾನೆಲ್ ಮುಚ್ಚುವುದೇ ಇಲ್ಲ, ಉಳಿದ ಸರಪಳಿ ಗಟ್ಟಿಯಾಗಿದೆ. ಹಾಗಾದರೆ ಮುಚ್ಚುವ ಮಾತ್ರೆ ಕೊಟ್ಟರೆ? 2006ರ ವರದಿಯಲ್ಲಿ ಇಂಥ 49 ಜನರಲ್ಲಿ 44 ಜನ ಇಂಜೆಕ್ಷನ್ ಬಿಟ್ಟು ಸಲ್ಫೋನಿಲ್‌ಯೂರಿಯಾ ಮಾತ್ರೆಗೆ ಬದಲಾದರು. ದೋಷ ಯಾವ ಕೊಂಡಿಯಲ್ಲಿ ಅಂತ ಖಚಿತವಾದದ್ದರಿಂದ ಸಿಕ್ಕ ಫಲ ಅದು.

ಸ್ಟೆಮ್ ಸೆಲ್ ಬೀಟಾ ಕೋಶಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೇಲಿನ ಭಾಗದ ದೋಷವೇ. ಗ್ಲೂಕೋಸ್ ಒಡೆಯುವ ದಾರಿಯ ನಡುವೆ ಒಂದು ಇಕ್ಕಟ್ಟು ಇರುತ್ತದೆ ಎಂದು 2020ರಲ್ಲಿ ತೋರಿಸಿದರು. ಇಕ್ಕಟ್ಟು ದಾಟಿದ ಮೇಲಿನ ಇಂಧನವನ್ನು ಮೀಥೈಲ್ ಪೈರುವೇಟ್, ಮೀಥೈಲ್ ಸಕ್ಸಿನೇಟ್ ರೂಪದಲ್ಲಿ ಕೊಟ್ಟರೆ ಅದೇ ಕೋಶ ಇನ್ಸುಲಿನ್ ಬಿಡುತ್ತದೆ. ನಿಮ್ಮ ಕೋಶಕ್ಕೂ ಕೊಟ್ಟು ನೋಡಿ. ಎದ್ದು ಕೂತರೆ ಚಾನೆಲ್ ಜೀನ್ ಮುಟ್ಟುವ ಅಗತ್ಯವೇ ಇಲ್ಲ.

ಇನ್ನು ಕೋಶಗಳು ಉಂಡೆಕಟ್ಟಿದ ಗುಂಪಿನ ಗಾತ್ರ. ದಪ್ಪ ಗುಂಪಿನ ನಡುವಿನ ಕೋಶಗಳಿಗೆ ಆಮ್ಲಜನಕ ತಲುಪುವುದಿಲ್ಲ. ಆಮ್ಲಜನಕ ಇಲ್ಲದೆ ಎಟಿಪಿ ಇಲ್ಲ, ಎಟಿಪಿ ಇಲ್ಲದೆ ಉತ್ತರ ಇಲ್ಲ. ಗುಂಪುಗಳನ್ನು ಬಿಡಿಸಿ ಚಿಕ್ಕದಾಗಿ ಮತ್ತೆ ಕಟ್ಟುವುದು ಜೀನ್ ಎಡಿಟಿಂಗಿಗಿಂತ ಎಷ್ಟೋ ಅಗ್ಗ. 2019ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇದನ್ನೇ ಮಾಡಿದರು. ಜೊತೆಗೆ ಕೊನೆಯ ಹಂತದಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಸಂಕೇತವನ್ನು ತಡೆಯುತ್ತಿದ್ದ ಔಷಧ ಬಿಟ್ಟರು. ಕೋಶಗಳಿಗೆ ಎರಡು ಹಂತದ ಉತ್ತರ ಬಂತು (ಅದೇನು ಅಂತ ಮುಂದಿನ ಲಕ್ಷಣದಲ್ಲಿದೆ).

ಲಕ್ಷಣ 3: ಉತ್ತರ ಬರುತ್ತದೆ, ಆದರೆ ಬಸ್ ಹೋದಮೇಲೆ

ಆರೋಗ್ಯವಂತ ಬೀಟಾ ಕೋಶ ಗ್ಲೂಕೋಸ್ ಏರಿದ ಹತ್ತು ನಿಮಿಷದೊಳಗೆ ಒಂದು ದೊಡ್ಡ ಅಲೆ ಇನ್ಸುಲಿನ್ ಬಿಡುತ್ತದೆ. ಆಮೇಲೆ ಇಳಿದು, ಗ್ಲೂಕೋಸ್ ಇರುವವರೆಗೂ ಸಣ್ಣಗೆ ಬಿಡುತ್ತಿರುತ್ತದೆ. ನಮ್ಮ ಭಾಷೆಯಲ್ಲಿ ಮೊದಲ ಅಲೆ "ಎಷ್ಟು ವೇಗವಾಗಿ ಏರುತ್ತಿದೆ" ಎಂಬುದಕ್ಕೆ, ಎರಡನೆಯದು "ಎಷ್ಟು ಏರಿದೆ, ಎಷ್ಟು ಹೊತ್ತಿನಿಂದ" ಎಂಬುದಕ್ಕೆ ಉತ್ತರ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿದ ಮಿನಿಮೆಡ್ 670ಜಿ ಇನ್ಸುಲಿನ್ ಪಂಪಿನ ಪಿಐಡಿ ಲೆಕ್ಕಕ್ಕೂ ಬೀಟಾ ಕೋಶದ ಈ ನಡವಳಿಕೆಯೇ ಮಾದರಿ.

ತಡ ಎಲ್ಲಿಂದ ಬರುತ್ತಿದೆ ಅಂತ ಮೊದಲು ಕೇಳಿ. ಗುಂಪು ಜೆಲ್ ಒಳಗಿದೆಯಾ? ಟ್ಯೂಬ್ ಉದ್ದವಿದೆಯಾ? ಕೋಶಗಳ ಮೇಲೆ ದ್ರವ ಹರಿಸುವ ಪಂಪಿನಲ್ಲಿ ಬಣ್ಣದ ನೀರು ಬಿಟ್ಟು, ಈ ತುದಿಯಿಂದ ಆ ತುದಿಗೆ ಎಷ್ಟು ನಿಮಿಷ ಅಂತ ಗಡಿಯಾರ ಹಿಡಿದು ನೋಡಿ. ಅಷ್ಟನ್ನು ಕಳೆದಮೇಲೆ ಉಳಿದದ್ದೇ ಕೋಶದ ತಡ.

ಕೋಶದ ತಡ ಗಂಟೆಗಟ್ಟಲೆ ಇದ್ದರೆ ಕಾರಣ ಬಹುಪಾಲು ವಿನ್ಯಾಸದಲ್ಲೇ ಇದೆ. ಬಾಸೆಲ್‌ನ ಮಾರ್ಟಿನ್ ಫುಸ್ಸೆನೆಗ್ಗರ್ ಗುಂಪು 2016ರಲ್ಲಿ ಮೂತ್ರಪಿಂಡದ ಎಚ್‌ಇಕೆ ಕೋಶಕ್ಕೆ ಕ್ಯಾಲ್ಸಿಯಂ ಚಾನೆಲ್ ಸೇರಿಸಿ, ಗ್ಲೂಕೋಸ್ ಏರಿದರೆ ಇನ್ಸುಲಿನ್ ಜೀನ್ ಚಾಲೂ ಆಗುವಂತೆ ಮಾಡಿತು. ಜಾಣ ಕೆಲಸ. ಆದರೆ ಜೀನ್ ಓದಬೇಕು, ಪ್ರೋಟೀನ್ ಕಟ್ಟಬೇಕು, ಹೊರಗೆ ಕಳಿಸಬೇಕು. ಗಿರಾಕಿ ಬಂದಮೇಲೆ ಅಕ್ಕಿ ನೆನೆಹಾಕಿದ ಹಾಗೆ. ಅದೇ ಗುಂಪು 2020ರಲ್ಲಿ ಇನ್ಸುಲಿನನ್ನು ಮೊದಲೇ ಚೀಲದಲ್ಲಿ ತುಂಬಿಟ್ಟು, ವಿದ್ಯುತ್ ಸಂಕೇತಕ್ಕೆ ಬಿಡುವ ಕೋಶ ಮಾಡಿತು. ಹತ್ತು ನಿಮಿಷದಲ್ಲೇ ಮಟ್ಟ ಶಿಖರಕ್ಕೆ ಹೋಯಿತು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಗೇನ್ (ಸಕ್ಕರೆ ಏರಿದ್ದಕ್ಕೆ ಎಷ್ಟು ಜೋರಾಗಿ ಉತ್ತರ ಎಂಬುದು) ಹೆಚ್ಚಿಸುವುದು. ಇನ್ನಷ್ಟು ಬಲವಾದ ಪ್ರೊಮೋಟರ್ (ಜೀನಿನ ಸ್ವಿಚ್), ಇನ್ನಷ್ಟು ಕೋಶ. ಹಂಡೆಗೆ ಇನ್ನೆರಡು ಸೌದೆ! ತಡ ಇರುವ ಲೂಪ್‌ನಲ್ಲಿ ಗೇನ್ ಏರಿಸಿದರೆ ಸಕ್ಕರೆ ಮೇಲೆ ಕೆಳಗೆ ತೂಗಾಡುತ್ತದೆ. ಕೆಳಗಿನ ತೂಗಾಟ ಅಪಾಯದ್ದು. ಮನುಷ್ಯರಲ್ಲಿ 70ರ ಕೆಳಗೆ ಎಚ್ಚರಿಕೆ, 54ರ ಕೆಳಗೆ ಗಂಭೀರ.

ತಡ ಕಡಿಮೆ ಮಾಡಲು ಆಗದಿದ್ದರೆ ಗೇನ್ ಇಳಿಸಿ, ನಿಧಾನವಾಗಿಯೇ ಕೆಲಸ ಮಾಡಲಿ. ಇಲ್ಲವೇ ಮುಂಚೆಯೇ ಸುಳಿವು ಕೊಡುವ ದಾರಿ ಹುಡುಕಿ. ದೇಹದಲ್ಲಿ ಆ ದಾರಿ ಇದೆ. ಊಟ ಕರುಳಿಗೆ ಇಳಿಯುತ್ತಿದ್ದಂತೆ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೊರಟು "ಸಕ್ಕರೆ ಬರುತ್ತಿದೆ" ಅಂತ ಬೀಟಾ ಕೋಶಕ್ಕೆ ಹೇಳುತ್ತದೆ. ಗ್ಲೂಕೋಸ್ ಕಡಿಮೆ ಇದ್ದಾಗ ಈ ಸುಳಿವಿನಿಂದ ಹೆಚ್ಚೇನೂ ಆಗುವುದಿಲ್ಲ, ಅದೇ ಅದರ ಚೆಲುವು. ನಿಮ್ಮ ಕೋಶ ಜಿಎಲ್‌ಪಿ-1ರಂತೆಯೇ ಕೆಲಸ ಮಾಡುವ ಎಕ್ಸೆಂಡಿನ್-4ಕ್ಕೆ ಸ್ಪಂದಿಸುತ್ತದೆಯಾ ಅಂತ ಒಮ್ಮೆ ನೋಡಿ.

ಇಲಿಗೆ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಓಡಿಸುವುದು ಅಗ್ಗವೂ ಹೌದು, ದಯೆಯೂ ಹೌದು. ದೇಹದ ಗ್ಲೂಕೋಸ್–ಇನ್ಸುಲಿನ್ ಲೆಕ್ಕ ಹಾಕುವ 1979ರ ಬರ್ಗ್‌ಮನ್ ಮಾದರಿ ಕೆಲವೇ ಸಮೀಕರಣಗಳದ್ದು. ನಿಮ್ಮ ಕೋಶದ ತಡ, ಗೇನ್, ಗರಿಷ್ಠ ಮಟ್ಟ ಮೂರನ್ನೂ ಅದಕ್ಕೆ ಜೋಡಿಸಿದರೆ ತೂಗಾಡುತ್ತದೋ ಇಲ್ಲವೋ ಸಂಜೆಯೊಳಗೆ ಗೊತ್ತಾಗುತ್ತದೆ. ಇನ್ಸುಲಿನ್ ಪಂಪುಗಳ ವಿಷಯದಲ್ಲಂತೂ ವರ್ಜೀನಿಯಾ–ಪಾಡುವಾ ಸಿಮ್ಯುಲೇಟರ್ ಅನ್ನು ಪ್ರಾಣಿ ಪರೀಕ್ಷೆಯ ಬದಲಿಗೆ ಬಳಸಲು ಎಫ್‌ಡಿಎ 2008ರಲ್ಲೇ ಒಪ್ಪಿತ್ತು.

ಲಕ್ಷಣ 4: ಒಂದು ದಿನ ಚೆನ್ನಾಗಿದೆ, ಇನ್ನೊಂದು ದಿನ ಇಲ್ಲ

ಅನುಪಾತ ನೋಡಿ ಮೋಸ ಹೋಗುತ್ತಿದ್ದೀರಿ. ಹೆಚ್ಚು ಗ್ಲೂಕೋಸಿನ ಇನ್ಸುಲಿನನ್ನು ಕಡಿಮೆಯದರಿಂದ ಭಾಗಿಸಿ "3 ಪಟ್ಟು" ಅನ್ನುತ್ತಾರೆ. ಕೆಳಗಿನ ಅಂಕಿ ಚೂರು ಅಲುಗಿದರೆ ಇಡೀ ಅನುಪಾತ ಕುಣಿಯುತ್ತದೆ. ಒಟ್ಟು ಇನ್ಸುಲಿನ್‌ನಲ್ಲಿ ಶೇಕಡಾ ಎಷ್ಟು ಹೊರಬಂತು ಅಂತ ಬರೆಯಿರಿ, ಕೋಶದ ಸಂಖ್ಯೆಗೆ ಡಿಎನ್‌ಎ ಅಳೆಯಿರಿ.

ಇನ್ನೊಂದು ಕಾರಣ ಮಾದರಿ ತೆಗೆಯುವ ಅಂತರ. ಬೀಟಾ ಕೋಶಗಳು ಸುಮಾರು ಐದು ನಿಮಿಷಕ್ಕೊಮ್ಮೆ ಮಿಡಿಯುತ್ತವೆ. ಅರ್ಧ ಗಂಟೆಗೊಮ್ಮೆ ತೆಗೆದರೆ ಒಮ್ಮೆ ಶಿಖರ ಸಿಗುತ್ತದೆ, ಒಮ್ಮೆ ಕಣಿವೆ. ಎರಡು ನಿಮಿಷಕ್ಕಿಂತ ದೂರ ಹೋಗಬೇಡಿ.

ಲಕ್ಷಣ 5: ಹತ್ತಿರ ಬರುತ್ತದೆ, ಗುರಿ ಮುಟ್ಟುವುದಿಲ್ಲ. ಅಥವಾ ನಿಲ್ಲಿಸು ಅಂದರೂ ನಿಲ್ಲುವುದಿಲ್ಲ

ಇದು ಕೋಶದೊಳಗೆ ಇಂಟೆಗ್ರಲ್ ಕಂಟ್ರೋಲ್ (ಕಳೆದ ತಪ್ಪನ್ನು ಕೂಡಿಸುತ್ತಾ ತಿದ್ದುವ) ಜೀನ್ ಸರ್ಕ್ಯೂಟ್ ಹಾಕಿದವರಿಗೆ. ಸಕ್ಕರೆ 150ಕ್ಕೆ ಇಳಿದು ಅಲ್ಲೇ ನಿಂತರೆ, ಕಂಟ್ರೋಲರ್ ಕಳೆದ ತಪ್ಪನ್ನು ಕೂಡಿಸಿ ನೆನಪಿಟ್ಟುಕೊಳ್ಳುತ್ತಿಲ್ಲ ಎಂದರ್ಥ. ಸಂಶೋಧಕ ಮುಸ್ತಾಫಾ ಖಮ್ಮಾಶ್ ಮತ್ತು ಜೊತೆಗಾರರು 2016ರಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಹೇಳಿದರು. ಎರಡು ಅಣು. ಒಂದು ಗುರಿಯ ಲೆಕ್ಕಕ್ಕೆ ಹುಟ್ಟುತ್ತದೆ, ಇನ್ನೊಂದು ಅಳತೆಯ ಲೆಕ್ಕಕ್ಕೆ. ಎದುರಾದರೆ ಎರಡೂ ಸಾಯುತ್ತವೆ. ಉಳಿದದ್ದೇ ಬಾಕಿ. ನಮ್ಮ ಜಮಾ–ಖರ್ಚು ಪುಸ್ತಕವೇ ಸರಿ.

ತೊಂದರೆ ಎಲ್ಲಿ? ಕೋಶ ಬೆಳೆದು ಎರಡಾದಾಗ ಅಣುಗಳು ಹಂಚಿಹೋಗುತ್ತವೆ, ತಾವಾಗಿ ಕರಗಿಯೂ ಹೋಗುತ್ತವೆ. ಪುಸ್ತಕದ ಹಾಳೆ ಹರಿದ ಹಾಗೆ, ಬಾಕಿ ಮರೆತುಹೋಗುತ್ತದೆ. ಪರೀಕ್ಷೆ ಹೀಗೆ: ವಿಭಜನೆ ನಿಂತ ಕೋಶದಲ್ಲೂ ಬೆಳೆಯುವ ಕೋಶದಲ್ಲೂ ಅಳೆಯಿರಿ. ಬೆಳೆಯುವುದರಲ್ಲಿ ಮಾತ್ರ ಅಂತರ ಉಳಿದರೆ ಇದೇ ಕಾರಣ.

ಉಲ್ಟಾ ದೋಷ ಇನ್ನೂ ಕೆಟ್ಟದ್ದು. ಇನ್ಸುಲಿನ್ ಬಿಡುವ ಸಾಮರ್ಥ್ಯ ಮಿತಿ ಮುಟ್ಟಿದೆ, ಆದರೂ ಸಕ್ಕರೆ ಇಳಿದಿಲ್ಲ. ಕಂಟ್ರೋಲರ್ ಬಾಕಿ ಬರೆಯುತ್ತಲೇ ಹೋಗುತ್ತದೆ. ಕೊನೆಗೆ ಸಕ್ಕರೆ ಇಳಿದಾಗ ಹಳೆಯ ಬಾಕಿ ತೀರುವವರೆಗೂ ಇನ್ಸುಲಿನ್ ಸುರಿಯುತ್ತದೆ. ಬಾಯ್ಲರ್‌ಗಳಲ್ಲಿ ಇದನ್ನು ವೈಂಡ್‌ಅಪ್ ಅನ್ನುತ್ತೇವೆ. ಅಲ್ಲಿ ಸುರಕ್ಷತಾ ವಾಲ್ವ್ ಹಾರುತ್ತದೆ, ಇಲ್ಲಿ ಪ್ರಾಣಿ ಕುಸಿಯುತ್ತದೆ.

ಆನ್ ಆಗುವ ಹೊತ್ತನ್ನು ಎಲ್ಲರೂ ಅಳೆಯುತ್ತಾರೆ, ಆಫ್ ಆಗುವ ಹೊತ್ತನ್ನು ಬಹಳ ಜನ ಅಳೆಯುವುದೇ ಇಲ್ಲ. ನನ್ನ ಪ್ರಕಾರ ಎರಡನೆಯದೇ ಮುಖ್ಯ. ಆರು ಗಂಟೆ ಹೆಚ್ಚು ಗ್ಲೂಕೋಸಿನಲ್ಲಿಟ್ಟು ಒಮ್ಮೆಲೇ ಕಡಿಮೆಗೆ ಇಳಿಸಿ, ಎಷ್ಟು ಹೊತ್ತಿಗೆ ನಿಂತಿತು ನೋಡಿ. ಗಂಟೆ ದಾಟಿದರೆ ಆ ಕೋಶ ಇಲಿಗೆ ಬೇಡ. ಬಾಕಿಯ ಅಣುವಿಗೆ ಒಂದು ಮೇಲ್ಮಿತಿ ಕಟ್ಟುವವರೆಗೂ ಅಲ್ಲೇ ನಿಲ್ಲಿಸಿ.

ಲಕ್ಷಣ 6: ತಟ್ಟೆಯಲ್ಲಿ ಚೆನ್ನಾಗಿತ್ತು, ಇಲಿಯಲ್ಲಿ ಇಲ್ಲ

ಮೊದಲು ಅಳತೆ ಮನುಷ್ಯರ ಸಿ-ಪೆಪ್ಟೈಡಿನದೇ ಅಂತ ಖಚಿತಪಡಿಸಿಕೊಳ್ಳಿ. ಇಲಿಯದು ಸೇರಿಕೊಂಡಿದ್ದರೆ ಎಲ್ಲ ಗೊಂದಲ.

ಇಲಿಯ ಸಕ್ಕರೆ ಅದರ ಮಾಮೂಲಿಗಿಂತ ಕೆಳಗೆ ಇಳಿದು ನಿಂತರೆ ಗಾಬರಿ ಬೇಡ. ಮನುಷ್ಯರ ಬೀಟಾ ಕೋಶ ಇಲಿಯೊಳಗೂ ಮನುಷ್ಯರ ಸೆಟ್‌ಪಾಯಿಂಟನ್ನೇ ಹಿಡಿಯುತ್ತದೆ. ಅದು ದೋಷ ಅಲ್ಲ. ಸ್ಥಿರವಾಗಿ ನಿಲ್ಲದೆ ಕುಸಿಯುತ್ತಲೇ ಹೋದರೆ ಮಾತ್ರ ದೋಷ. ತಕ್ಷಣ ಗ್ಲೂಕೋಸ್ ಕೊಡಿ.

ಏನೂ ಕೆಲಸ ಮಾಡದಿದ್ದರೆ ಆಮ್ಲಜನಕ ನೋಡಿ. ಹೊಸ ಜಾಗದಲ್ಲಿ ರಕ್ತನಾಳ ಬೆಳೆಯಲು ವಾರಗಳು ಬೇಕು, ಅಷ್ಟರಲ್ಲಿ ಬಹಳ ಕೋಶ ಸಾಯುತ್ತವೆ. ಕ್ಯಾಪ್ಸೂಲ್ ಒಳಗಿಟ್ಟರೆ ರೋಗನಿರೋಧಕ ಕೋಶಗಳಿಂದ ರಕ್ಷಣೆ ಸಿಗುತ್ತದೆ. ಆದರೆ ಉಸಿರೂ ಕಟ್ಟುತ್ತದೆ, ಮೇಲೆ ನಾರು ಬೆಳೆದರೆ ತಡವೂ ಹೆಚ್ಚುತ್ತದೆ. ಕ್ಯಾಪ್ಸೂಲ್ ಹೊರತೆಗೆದು ತೆಳುವಾಗಿ ಕತ್ತರಿಸಿ ನೋಡಿ. ಅಂಚಿನ ಕೋಶ ಬದುಕಿ ನಡುವಿನದು ಸತ್ತಿದ್ದರೆ ಉಸಿರಿನ ದೋಷ.

ಸಕ್ಕರೆ ಸರಿಹೋದರೂ ಪೂರ್ತಿ ಖುಷಿಪಡಬೇಡಿ. ಕಸಿ ಮಾಡಿದ್ದನ್ನು ತೆಗೆದು ನೋಡಿ. ಡಯಾಬಿಟಿಸ್ ಮರಳಿದರೆ ಮಾತ್ರ ಕೆಲಸ ಮಾಡಿದ್ದು ನಿಮ್ಮ ಕೋಶ. ಮರಳದಿದ್ದರೆ ಇಲಿಯ ಸ್ವಂತ ಕೋಶಗಳು ಉಳಿದಿದ್ದವು.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕೋಶ ಹದ್ದು ಮೀರಿ ಬೆಳೆಯುತ್ತಿದ್ದರೆ, ಇಲಿಯಲ್ಲಿ ಗಡ್ಡೆ ಕಂಡರೆ, ಆ ಬ್ಯಾಚ್ ಅಲ್ಲಿಗೇ ನಿಲ್ಲಿಸಿ. ಬದಲಾಗದೆ ಉಳಿದ ಸ್ಟೆಮ್ ಸೆಲ್ ಸೇರಿಕೊಂಡಿರುವ ಸಾಧ್ಯತೆ ಇದೆ. ಇದಕ್ಕೆ ಕಂಟ್ರೋಲ್ ಥಿಯರಿಯಲ್ಲಿ ಉತ್ತರ ಇಲ್ಲ, ರೋಗಶಾಸ್ತ್ರದವರನ್ನು ಕರೆಯಿರಿ. ಇಲಿಗಳು ಒಂದಕ್ಕಿಂತ ಹೆಚ್ಚು ಸಲ ಕುಸಿದರೆ ಪ್ರಾಣಿ ನೀತಿ ಸಮಿತಿಗೆ ತಿಳಿಸಿ, ಆಮೇಲೆ ಯೋಚಿಸಿ.

ಮನೆಯವರಿಗಾಗಿ ಓದುತ್ತಿರುವವರಿಗೆ ಒಂದು ಮಾತು. ವರ್ಟೆಕ್ಸ್ ಕಂಪನಿಯ ಜಿಮಿಸ್ಲೆಸೆಲ್ ಎಂಬ ಸ್ಟೆಮ್ ಸೆಲ್ ಬೀಟಾ ಕೋಶಗಳ ಫಲಿತಾಂಶ 2025ರಲ್ಲಿ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ನಿಜಕ್ಕೂ ದೊಡ್ಡ ಸುದ್ದಿ. ಆದರೆ ಅವರೆಲ್ಲ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿದ್ದರು, ಅದರ ಅಪಾಯ ಸಣ್ಣದಲ್ಲ. ಅದೇ ಕಂಪನಿ ಆ ಔಷಧ ಬೇಡವಾಗಲಿ ಎಂದು ಕೋಶಗಳನ್ನು ಸಾಧನದೊಳಗಿಟ್ಟು ಮಾಡಿದ ಪ್ರಯೋಗದಲ್ಲಿ ಸಾಕಷ್ಟು ಸಿ-ಪೆಪ್ಟೈಡ್ ಬರಲಿಲ್ಲ, ಅದನ್ನು 2025ರಲ್ಲೇ ಕೈಬಿಟ್ಟರು. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಇಲ್ಲದೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಲ್ಯಾಬಿನವರು ಸಹಾಯ ಕೇಳಲು ಬರುವಾಗ ಕಚ್ಚಾ ಅಂಕಿಗಳು, ಬಫರ್ ಮತ್ತು ಪೂರಕಗಳ ಬ್ಯಾಚ್ ನಂಬರ್, ಗುಂಪುಗಳ ಫೋಟೋ, ಪೊಟ್ಯಾಸಿಯಂ ಪರೀಕ್ಷೆಯ ಫಲಿತಾಂಶ, ಖಾಲಿ ತಟ್ಟೆಯ ಅಳತೆ ಇಷ್ಟನ್ನೂ ತನ್ನಿ. ಬರೀ ಅನುಪಾತದ ಗ್ರಾಫ್ ತಂದರೆ ನಾನು ಕೇಳುವ ಮೊದಲ ಪ್ರಶ್ನೆ ಗೊತ್ತಲ್ಲ: ಮೀಡಿಯಾದಲ್ಲಿ ಬಿ27 ಇತ್ತಾ?